ಬಡ್ತಿ ಬೇಡ ಅನ್ನುವ ಮೊದಲು

ಮಗುವಿಗೆ ಹತ್ತು ತಿಂಗಳು, ಆಫೀಸಿನಲ್ಲಿ ಟೀಮ್ ಲೀಡ್ ಆಗಿ ಅಂತಿದ್ದಾರೆ, ಒಪ್ಪಿಕೊಳ್ಳಲಾ ಬೇಡವಾ ಅಂತ ಕೇಳಿದ್ದೀರಿ. ಈಗಲೇ ಬೇಡ ಅನ್ನಬೇಡಿ. ಸಂಜೆ ಮೀಟಿಂಗ್ ಇರುತ್ತಾ, ರಾತ್ರಿ ಫೋನ್ ಬಂದರೆ ಎತ್ತಲೇಬೇಕಾ ಅಂತ ಮೊದಲು ಬಿಡಿಸಿ ಕೇಳಿ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಅಧ್ಯಯನ ನೋಡಿದರೆ ಇದು ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ. ಗಂಡು ಹೆಣ್ಣಿನ ಸಂಬಳದ ಅಂತರ ಜಾಸ್ತಿಯಾಗುವುದು ಮೊದಲ ಮಗು ಹುಟ್ಟಿದ ಮೇಲೆ. ಹೊತ್ತುಗೊತ್ತಿಲ್ಲದೆ ಕರೆದಾಗೆಲ್ಲ ಸಿಗಬೇಕು ಅನ್ನುವ ಕೆಲಸಗಳಲ್ಲಿ ಅದು ಇನ್ನೂ ದೊಡ್ಡದು.

ಇನ್ನು ಮನೆ. ಗಂಡನ ಬಗ್ಗೆ 'ಅವರು ಸಹಾಯ ಮಾಡ್ತಾರೆ' ಅಂತ ಬರೆದಿದ್ದೀರಿ. ಸಹಾಯ ಸಾಲದು ಕಣ್ರೀ. ಮುಂದಿನ ಲಸಿಕೆ ಯಾವತ್ತು, ಡೈಪರ್ ಎಷ್ಟು ಉಳಿದಿದೆ, ಜ್ವರ ಬಂದರೆ ರಜೆ ಯಾರು ಹಾಕಬೇಕು, ಇದೆಲ್ಲ ನಿಮ್ಮ ತಲೆಯಲ್ಲೇ ಓಡುತ್ತಿದ್ದರೆ ಅವರು ಪಾತ್ರೆ ತೊಳೆದರೂ ಪ್ರಯೋಜನ ಅಷ್ಟಕ್ಕಷ್ಟೆ. ಒಂದೆರಡು ಜವಾಬ್ದಾರಿ ಪೂರ್ತಿ ಬಿಟ್ಟುಕೊಡಿ. ಡೈಪರ್ ಮರೆತರೆ ಮರೆಯಲಿ, ನೆನಪಿಸಲು ಹೋಗಬೇಡಿ. (ಲಸಿಕೆ ಮಾತ್ರ ಬೇರೆ ಮಾತು!)

ಇನ್ನೂ ಹಾಲುಣಿಸುತ್ತಿದ್ದರೆ, ಹಾಲು ತೆಗೆಯುವ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬ್ಲಾಕ್ ಮಾಡಿಕೊಳ್ಳಿ. ಇಷ್ಟಾದ ಮೇಲೂ ಬೇಡ ಅನ್ನಿಸಿದರೆ ಬೇಡ ಅನ್ನಿ, ತಪ್ಪೇನಿಲ್ಲ. ಆದರೆ ಆರು ತಿಂಗಳ ನಂತರ ಮತ್ತೆ ಮಾತಾಡೋಣ ಅಂತ ಮ್ಯಾನೇಜರ್ ಹತ್ತಿರ ಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಸುಮ್ನೆ ಬಿಡಬೇಡಿ.