‘ನಾನಿಲ್ಲದಿದ್ರೆ ನಿಮಗೆ ನೆಮ್ಮದಿ’ ಅಂದ ಮಗ

ಪ್ರಶ್ನೆ: ನಾನು ಹಾಸನದವಳು. ಈಗ ಅಟ್ಲಾಂಟಾದಲ್ಲಿದ್ದೇನೆ. ಗಂಡ ಕಪ್ಪು ಅಮೆರಿಕನ್. 13 ವರ್ಷದ ಮಗ ಈಚೆಗೆ ಮಾತೆತ್ತಿದರೆ ಸಿಡುಕುತ್ತಾನೆ. ದಿನಾ ತಲೆನೋವು ಅಂತಾನೆ. ಸ್ಕೂಲಲ್ಲಿ ಹೊಡೆದಾಡಿ ಸಸ್ಪೆಂಡ್ ಆದ. ಮೊನ್ನೆ ‘ನಾನಿಲ್ಲದಿದ್ರೆ ನಿಮಗೆ ನೆಮ್ಮದಿ’ ಅಂದುಬಿಟ್ಟ. ಕೌನ್ಸೆಲರ್ ಹತ್ತಿರ ಹೋಗೋಣ ಅಂದರೆ ಗಂಡ, ‘ಹುಚ್ಚ ಅಂತ ಹಣೆಪಟ್ಟಿ ಹಚ್ಚುತ್ತಾರೆ. ನಮ್ಮವರು ಸಾಯೋ ಯೋಚನೆ ಮಾಡಲ್ಲ’ ಅಂತಾರೆ. ಅತ್ತೆಗೆ ಪ್ರಾರ್ಥನೆ ಸಾಕು. ಏನು ಮಾಡಲಿ?

ಉತ್ತರ: ಮಗನ ಆ ಮಾತು ಮೊದಲು, ಉಳಿದದ್ದೆಲ್ಲ ಆಮೇಲೆ. ಇವತ್ತೇ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ ಮಗಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಕೈಮೀರುತ್ತಿದೆ ಅನ್ನಿಸಿದರೆ ಸೀದಾ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಗನ್ ಇದ್ದರೆ ಇವತ್ತೇ ಹೊರಗೆ ಹೋಗಲಿ. ಇದಕ್ಕೆಲ್ಲ ಗಂಡನ ಒಪ್ಪಿಗೆಗೆ ಕಾಯಬೇಡಿ.

ಇನ್ನು ಸಿಟ್ಟು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಮಾಜಕಾರ್ಯ ಸಂಶೋಧಕ ಮೈಕಲ್ ಲಿಂಡ್ಸೆ ಕಪ್ಪು ಹುಡುಗರ ಖಿನ್ನತೆಯನ್ನೇ ಹಲವು ವರ್ಷ ಅಧ್ಯಯನ ಮಾಡಿದವರು. ಈ ಮಕ್ಕಳ ದುಃಖ ಅಳುವಾಗಿಯೇ ಬರಬೇಕೆಂದಿಲ್ಲ, ಜಗಳವಾಗಿ, ಮೈಕೈ ನೋವಾಗಿ ಬರಬಹುದು ಅನ್ನುತ್ತಾರೆ. ಸ್ಕೂಲಿನವರಿಗೆ ಕಾಣುವುದು ಜಗಳ ಮಾತ್ರ. ನಿಮ್ಮ ಮಗನ ವಿಷಯದಲ್ಲೂ ಹಾಗೇ ಆಗಿರಬಹುದು, ಅಲ್ವಾ? ‘ನಮ್ಮವರು ಹಾಗೆ ಮಾಡಲ್ಲ’ ಅನ್ನುವುದೂ ಈಗ ನಿಲ್ಲುವುದಿಲ್ಲ. ಅಮೆರಿಕ ಸಂಸತ್ತಿನ ಕಪ್ಪು ಸಂಸದರ ಕೂಟಕ್ಕೆ 2019ರಲ್ಲಿ ಲಿಂಡ್ಸೆ ಮುಂದಾಳತ್ವದ ತಂಡ ಕೊಟ್ಟ ವರದಿ ಓದಿದರೆ ಎದೆ ಧಸಕ್ಕೆನ್ನುತ್ತದೆ: 13 ತುಂಬದ ಮಕ್ಕಳಲ್ಲಿ ಆತ್ಮಹತ್ಯೆಯ ಪ್ರಮಾಣ ಬಿಳಿಯರಿಗಿಂತ ಕಪ್ಪು ಮಕ್ಕಳಲ್ಲಿ ಸುಮಾರು ಎರಡು ಪಟ್ಟು.

ಹಾಗಂತ ಗಂಡನನ್ನು ಮೊಂಡ ಅನ್ನಬೇಡಿ. ನಿಮ್ಮ ಪಕ್ಕದ ಅಲಬಾಮದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ವೈದ್ಯರೇ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದ್ದ ನೂರಾರು ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತಿದ್ದರು. ಅದನ್ನು ವಾಸಿಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ! ಖಿನ್ನತೆ ಇರುವ ಕಪ್ಪು ಗಂಡಸರಿಗೆ ಸ್ಕಿಜೋಫ್ರೇನಿಯಾ (ಇಲ್ಲದ್ದು ಕಾಣುವ, ಕೇಳಿಸುವ ತೀವ್ರ ಮನೋರೋಗ) ಅಂತ ಬರೆದುಬಿಡುವುದು ಇವತ್ತಿಗೂ ಇದೆ. ಹಣೆಪಟ್ಟಿಯ ಭಯ ಸುಮ್ನೆ ಹುಟ್ಟಿದ್ದಲ್ಲ. ‘ನಿಮ್ಮ ಭಯ ಸರಿ, ಅದಕ್ಕೇ ಥೆರಪಿಸ್ಟನ್ನು ನೀವೇ ಆರಿಸಿ’ ಅನ್ನಿ. ಕಪ್ಪು ಸಮುದಾಯದವರೇ ಸಿಗುತ್ತಾರೆ. ಮೊದಲ ಭೇಟಿಯಲ್ಲಿ ನಿಮ್ಮ ಗಂಡನೇ ಹೋಗಿ ತಮ್ಮ ಅನುಮಾನವೆಲ್ಲ ಕೇಳಲಿ.

ಅತ್ತೆಯನ್ನು ದೂರ ಇಡಬೇಡಿ. ನಮ್ಮ ಕಡೆಯೂ ಮೊದಲು ತಾಯತ, ಆಮೇಲೆ ಡಾಕ್ಟರು ತಾನೇ? ಚರ್ಚಿನ ಪಾಸ್ಟರ್ ಹತ್ತಿರ ಅತ್ತೆಯೇ ಮಾತಾಡಲಿ. ‘ಪ್ರಾರ್ಥನೆಯೂ ಇರಲಿ, ಡಾಕ್ಟರೂ ಇರಲಿ’ ಅಂತ ಪಾಸ್ಟರ್ ಒಂದು ಮಾತು ಅಂದರೆ ನಿಮ್ಮ ಕೆಲಸ ಅರ್ಧ ಆದ ಹಾಗೆ.

ಸ್ಕೂಲಿನ ಸೋಶಿಯಲ್ ವರ್ಕರ್‌ಗೂ ತಲೆನೋವು, ಸಿಡುಕು, ಆ ಮಾತು ಎಲ್ಲ ತಿಳಿಸಿ. ಫೋನಲ್ಲಿ ಹೇಳಿದ ಮೇಲೆ ಇಮೇಲ್ ಕೂಡ ಹಾಕಿ, ಬರೆದದ್ದು ಕೈಯಲ್ಲಿರಲಿ.