ಒಂದು ಕಾರ್ಡಿನ ತುಂಬಾ ಹಾಡು

ಪ್ರಶ್ನೆ: ಅಪ್ಪನ ಹಳೇ ಕೀಪ್ಯಾಡ್ ಮೊಬೈಲಿನಲ್ಲಿ 2 ಜಿಬಿ ಮೆಮೊರಿ ಕಾರ್ಡ್ ಸಿಕ್ಕಿತು. ತುಂಬಾ ಹಾಡುಗಳಿವೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದು ಅನ್ನುತ್ತಾರೆ. ಹಾಡಿಗೂ ಅಂಗಡಿಗೆ ಹೋಗುತ್ತಿದ್ದರೇ? ಇವನ್ನು ಉಳಿಸಿಕೊಳ್ಳುವುದು ಹೇಗೆ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಹೋಗುತ್ತಿದ್ದರು, ಕ್ಯೂ ನಿಲ್ಲುತ್ತಿದ್ದರು! ತಿಪಟೂರು ಬಸ್ ಸ್ಟ್ಯಾಂಡ್ ಹತ್ತಿರ ನನ್ನದೂ ಅಂಥದ್ದೇ ಅಂಗಡಿ ಇತ್ತು. ಸಿಮ್ ಮಾರುವುದು, ಕರೆನ್ಸಿ ಹಾಕುವುದು ಹೆಸರಿಗೆ. ಬಾಡಿಗೆ ಕಟ್ಟಿದ್ದು ಮೂಲೆಯ ಕಂಪ್ಯೂಟರ್ ಮತ್ತು ಒಂದು ಕಾರ್ಡ್ ರೀಡರ್.

ಆಗಲೂ ಮೊಬೈಲಿನಲ್ಲಿ ನೆಟ್ ಇತ್ತು. 10 ಕೆಬಿಗೆ 10 ಪೈಸೆ. ಅಗ್ಗ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. ಒಂದು ಹಾಡು ಸುಮಾರು 5 ಎಂಬಿ, ಅಂದರೆ ಹತ್ತಿರ ಹತ್ತಿರ 50 ರೂಪಾಯಿ. ಅದೂ 2ಜಿ ಸ್ಪೀಡಿನಲ್ಲಿ. ಅದೇ ದುಡ್ಡಿಗೆ ನಾನು ನಾನೂರು ಹಾಡು ತುಂಬಿಸಿ ಕೊಡುತ್ತಿದ್ದೆ. ಹಾಡು ಮಾಡಿದವರಿಗೆ ಅದರಲ್ಲಿ ಒಂದು ಪೈಸೆಯೂ ಸೇರುತ್ತಿರಲಿಲ್ಲ ಬಿಡಿ. ಕಾನೂನಿನ ಪ್ರಕಾರ ಅದು ಪೈರಸಿಯೇ.

ಡಿ ಡ್ರೈವಿನಲ್ಲಿ ಫೋಲ್ಡರ್‌ಗಳು: ಅಣ್ಣಾವ್ರು, ವಿಷ್ಣು, ಭಕ್ತಿ, ಜಾನಪದ, ಹೊಸದು. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ಹಾಡುಗಳು ಎಷ್ಟೋ ವರ್ಷ ‘ಹೊಸದು’ ಫೋಲ್ಡರಿನಲ್ಲೇ ಇದ್ದವು, ಯಾರೂ ತಕರಾರು ಮಾಡಲಿಲ್ಲ. ಟ್ರ್ಯಾಕ್ಟರ್ ಓಡಿಸುವ ಹುಡುಗರಿಗೆ ಸೌಂಡ್ ಜಾಸ್ತಿ ಇದ್ದರೆ ಸಾಕು. ಅವರದೆಲ್ಲ ದೊಡ್ಡ ಸ್ಪೀಕರಿನ ಚೈನಾ ಸೆಟ್. 2009ರ ನವೆಂಬರ್ ಕೊನೆಗೆ ಐಎಂಇಐ ನಂಬರ್, ಅಂದರೆ ಪ್ರತಿ ಮೊಬೈಲಿಗೂ ಇರಬೇಕಾದ ಗುರುತಿನ ಸಂಖ್ಯೆ, ಇಲ್ಲದ ಸೆಟ್‌ಗಳಿಗೆ ನೆಟ್‌ವರ್ಕ್ ನಿಲ್ಲಿಸಿದರು. ಆಮೇಲೂ ಕೆಲವರು ಬರೀ ಹಾಡಿಗೆ ಅಂತ ಆ ಸೆಟ್ ಇಟ್ಟುಕೊಂಡರು.

ಫೈಲ್ ಹೆಸರು ನೋಡಿದರೆ ‘ಟ್ರ್ಯಾಕ್ 03’ ಅಂತಿರುತ್ತಿತ್ತು. ಹಾಗಾಗಿ ಗಿರಾಕಿ ಗುನುಗಬೇಕು, ನಾನು ಹುಡುಕಬೇಕು. ಒಬ್ಬ ಅಜ್ಜಿ ಸಂತೆ ಚೀಲವನ್ನು ಕೌಂಟರ್ ಮೇಲಿಟ್ಟು, ಮಾದಪ್ಪನ ಪದ ಎರಡು ಸಾಲು ಹಾಡಿದರು. ನಾನು ಹಾಕಿದ್ದಕ್ಕೆಲ್ಲ ‘ಇದಲ್ಲ ಕಣಪ್ಪ, ಇದರಲ್ಲಿ ತಾಳವೇ ಕೇಳ್ತಿಲ್ಲ’ ಅಂದರು. ಕೊನೆಗೂ ಸಿಕ್ಕಿತು. ಅಷ್ಟರಲ್ಲಿ ಬಸ್ ಹೊರಟುಹೋಗಿತ್ತು, ಅದಕ್ಕೂ ನನಗೇ ಬೈದರು.

ಕಾರ್ಡಿನಲ್ಲಿ ಜಾಗ ಉಳಿದರೆ ‘ಯಾವುದಾದ್ರೂ ಹಾಕಣ್ಣ’ ಅನ್ನುವವರೇ ಹೆಚ್ಚು. ನನಗೆ ಪಿ.ಬಿ. ಶ್ರೀನಿವಾಸ್ ದನಿ ಅಂದರೆ ಪ್ರಾಣ. ಸುಮ್ನೆ ಬಿಡ್ತೀನಾ? ಸುತ್ತಲ ಹಳ್ಳಿಯ ಹುಡುಗರ ಕಾರ್ಡಿಗೆಲ್ಲ ಕೇಳದಿದ್ದರೂ ಪಿಬಿಎಸ್ ಹೋದರು. ಕೆಲವರು ಡಿಲೀಟ್ ಮಾಡಿದರು, ಕೆಲವರು ‘ಅಣ್ಣ, ಇನ್ನಷ್ಟು ಹಾಕು’ ಅಂತ ವಾಪಸ್ ಬಂದರು. ಈಗಿನ ಆ್ಯಪ್‌ಗಳು ಕೇಳಿದ್ದಕ್ಕೆ ಹೊಂದುವ ಹಾಡನ್ನೇ ಮುಂದೆ ತಂದಿಡುತ್ತವೆ. ನನ್ನಷ್ಟು ಹಠ ಅವಕ್ಕಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು. ಮುಂದಿನ ಮಾರ್ಚ್‌ವರೆಗೆ ನೆಟ್ ಪುಕ್ಕಟೆ. ಕಾರ್ಡ್ ರೀಡರ್ ಧೂಳು ಹಿಡಿಯಿತು. ನಾನು ಕವರ್, ಟೆಂಪರ್ಡ್ ಗ್ಲಾಸ್ ಮಾರಲು ಶುರು ಮಾಡಿದೆ.

ಇನ್ನು ನಿಮ್ಮ ಕಾರ್ಡ್. ವರ್ಷಗಟ್ಟಲೆ ಬಳಸದೆ ಇಟ್ಟರೆ ಇಂಥ ಕಾರ್ಡಿನಲ್ಲಿರುವುದು ಅಳಿಸಿಹೋಗಬಹುದು, ತಡ ಮಾಡಬೇಡಿ. ಎಸ್‌ಡಿ ಅಡಾಪ್ಟರಿಗೆ (ಸಣ್ಣ ಕಾರ್ಡನ್ನು ಕಂಪ್ಯೂಟರಿನ ಕಾರ್ಡ್ ರೀಡರಿಗೆ ಹೊಂದಿಸುವ ದೊಡ್ಡ ಕಾರ್ಡಿನಂಥದ್ದು) ಹಾಕಿ, ಅದರ ಪಕ್ಕದ ಸಣ್ಣ ಗುಂಡಿಯನ್ನು ‘ಲಾಕ್’ ಅಂತ ಬರೆದಿರುವ ಕಡೆಗೆ, ಕೆಳಕ್ಕೆ ಎಳೆಯಿರಿ. ಆಗ ಸಾಮಾನ್ಯವಾಗಿ ಕೈತಪ್ಪಿ ಏನೂ ಡಿಲೀಟ್ ಆಗುವುದಿಲ್ಲ. ಮೊದಲು ಕಂಪ್ಯೂಟರಿಗೆ ಪೂರ್ತಿ ಕಾಪಿ ಮಾಡಿ, ಹಾಡು ಕೇಳುವುದು ಆಮೇಲೆ. ಹಳೇ ಕಾರ್ಡುಗಳಲ್ಲಿ ವೈರಸ್ ಜಾಸ್ತಿ. ಫೋಲ್ಡರ್ ಥರ ಕಾಣುವ ಶಾರ್ಟ್‌ಕಟ್‌ಗಳ ಮೇಲೆ ಒತ್ತಬೇಡಿ. ‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳಿದರೆ ಬೇಡ ಅನ್ನಿ.