ನಮ್ಮ 42, ಅವರ 32

ಪ್ರಶ್ನೆ: ನನ್ನ ತಮ್ಮ ಕತಾರ್‌ನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ಅಲ್ಲಿ ದೊಡ್ಡ ಸೋಲಾರ್ ಹಾಕಿದ್ದಾರೆ, ಸ್ಟೇಡಿಯಮ್ಮಿಗೂ ಎಸಿ ಇದೆ ಅಂತ ಓದಿದೆ. ಬಿಸಿಲಲ್ಲಿ ದುಡಿಯುವವರಿಗೆ ಏನು ಸಿಕ್ಕಿತು? 32 ಡಿಗ್ರಿ ದಾಟಿದರೆ ಕೆಲಸ ನಿಲ್ಲಿಸುತ್ತಾರಂತೆ, ನಿಜವೇ? ನಾವಿಲ್ಲಿ 42ರಲ್ಲೂ ಹೊಲಕ್ಕೆ ಹೋಗುತ್ತೇವೆ.
– ಓದುಗರು, ಇಂಡಿ

ಉತ್ತರ: ನಿಜ ಅಕ್ಕಾವ್ರೇ. ಆದರೆ ಅದು ಮೊಬೈಲ್ ತೋರಿಸುವ 32 ಅಲ್ಲ. ದೋಹಾದಲ್ಲಿ ಸೈಟ್ ಸೇಫ್ಟಿ ನೋಡಿಕೊಳ್ಳುತ್ತಿದ್ದಾಗ ಆ 32 ಅಳೆಯುವ ಮೀಟರ್ ನನ್ನ ಹತ್ತಿರವೇ ಇರುತ್ತಿತ್ತು. ಅದರಲ್ಲೊಂದು ಕರಿ ಗುಂಡು, ಬಿಸಿಲಿನ ಕಾವು ಹಿಡಿಯಲು. ಪಕ್ಕದ ಥರ್ಮಾಮೀಟರಿಗೆ ಒದ್ದೆ ಬತ್ತಿ. ಬತ್ತಿ ಆರಿದಷ್ಟೂ ತಂಪು. ನಮ್ಮ ಬೆವರೂ ಹಾಗೇ. ವಿಜಯಪುರದ ಒಣ ಬಿಸಿಲಲ್ಲಿ ಬೆವರು ಆರುತ್ತದೆ. ಆಗಸ್ಟ್‌ನ ದೋಹಾದಲ್ಲಿ ಸಮುದ್ರದ ಹಸಿಗಾಳಿ ಬಂತೆಂದರೆ ಅಂಗಿ ಹಿಂಡಬೇಕು, ಮೈ ಮಾತ್ರ ತಣಿಯುವುದಿಲ್ಲ. ಇದನ್ನೆಲ್ಲ ಸೇರಿಸಿದ ಲೆಕ್ಕ 32.1 ದಾಟಿದರೆ ಹೊರಗಿನ ಕೆಲಸ ಬಂದ್. 2021ರಲ್ಲಿ ಬಂದ ನಿಯಮ. ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೂ ಬಿಸಿಲಲ್ಲಿ ದುಡಿಸುವಂತಿಲ್ಲ. ಮೈಗೆ ಆಗದಿದ್ದರೆ ಕೆಲಸ ನಿಲ್ಲಿಸುವ ಹಕ್ಕೂ ಇದೆ. ಸಾಲ ಮಾಡಿ ಹೋದ ಹುಡುಗ ಅದನ್ನು ಬಾಯಿಬಿಟ್ಟು ಕೇಳಬೇಕಲ್ಲ, ಕಷ್ಟ ಇರುವುದು ಅಲ್ಲೇ.

ಹಾಗಂತ ನಿಮ್ಮ 42 ಸಸಾರವಲ್ಲ. 11ರೊಳಗೆ ಹೊಲದಿಂದ ಬಂದುಬಿಡಿ.

ಸೋಲಾರ್ ಒಳ್ಳೆಯದೇ. ಅಲ್ ಖರ್ಸಾದಲ್ಲಿ 800 ಮೆಗಾವಾಟಿನದು 2022ರಲ್ಲಿ ಶುರುವಾಯಿತು. ಆದರೂ ಅಲ್ಲಿನ ಕರೆಂಟು ಜಾಸ್ತಿ ಗ್ಯಾಸಿನದೇ. ಬೇಸಿಗೆಯಲ್ಲಿ ಎಸಿ ಅದನ್ನು ಕುಡಿಯುತ್ತದೆ, ಸಮುದ್ರದ ನೀರಿನ ಉಪ್ಪು ತೆಗೆಯುವುದಕ್ಕೂ ಇಂಧನ ಬೇಕು. ಉಳಿತಾಯ ಮಾಡಬೇಕು, ಸರಿ. ಆದರೆ ಅದನ್ನು ಕೂಲಿಯವರ ರೂಮಿನಿಂದ ಶುರು ಮಾಡುತ್ತೇವೆ ಅಂದರೆ ನಾನು ಒಪ್ಪುವುದಿಲ್ಲ. ಅಲ್ಲಿನ ಮಾಲ್‌ಗಳಲ್ಲಿ ಚಳಿಗೆ ಮೈತುಂಬ ಹೊದ್ದು ತಿರುಗುವವರನ್ನು ನೋಡಿದ್ದೇನೆ, ಮೊದಲು ಅಲ್ಲಿ ಕಡಿಮೆ ಮಾಡಲಿ. ಹಗಲು ಕಾದ ಮೈ ರಾತ್ರಿಯೂ ತಣಿಯದಿದ್ದರೆ ಮರುದಿನ ಸೈಟಿನಲ್ಲಿ ಗಟ್ಟಿಮುಟ್ಟಾದವನೂ ಬೀಳುತ್ತಾನೆ.

ತಮ್ಮನಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತಷ್ಟೇ ಅಲ್ಲ, ರೂಮಿನ ಎಸಿ ರಾತ್ರಿಯಿಡೀ ಓಡುತ್ತದೆಯೇ ಅಂತಲೂ ಕೇಳಿ. ರಜೆ ಮುಗಿಸಿ ಹೋದಾಗ ಮೊದಲ ವಾರ ಹಗುರ ಕೆಲಸ ಕೇಳಿಕೊಳ್ಳಲಿ, ಮೈ ಒಗ್ಗಲು ಒಂದೆರಡು ವಾರ ಬೇಕು. ಜೊತೆಗಾರನ ಮಾತು ತೊದಲಿದರೆ ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ತಕ್ಷಣ ಅಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಬೇಕು.